ಮನೆಯಲ್ಲಿ ಕುಳಿತು ಚಿತ್ರ ನೋಡುವ ಬಗೆ

ಟಿಪ್ಪು ಸುಲ್ತಾನನಿಗಾಗಿ ಮಾಡಿದ ಮರದ ಹುಲಿಯೊಂದು ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಅಂಗಾತ ಬಿದ್ದಿರುವ ಐರೋಪ್ಯನೊಬ್ಬನ ಮೇಲೆ ಹುಲಿ ಎರಗಿ ಅವನ ಕುತ್ತಿಗೆಗೆ ಬಾಯಿ ಹಾಕಿದೆ. ಹೊರಗಿರುವ ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳಲ್ಲಿ ಗಾಳಿಯಾಡಿ ಆ ಮನುಷ್ಯನ ಕೈ ಏರಿ ಇಳಿಯುತ್ತದೆ, ಅವನ ನರಳಾಟವೂ ಹುಲಿಯ ಗುರುಗುಟ್ಟುವಿಕೆಯೂ ಕೇಳಿಸುತ್ತವೆ. ಹುಲಿಯ ಪಕ್ಕೆಯಲ್ಲಿರುವ ಮುಚ್ಚಳವನ್ನು ತೆರೆದರೆ ಪುಟ್ಟದೊಂದು ಆರ್ಗನ್ ವಾದ್ಯವೇ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಇದನ್ನು ಸಾಗಿಸಿದರು. ಈಸ್ಟ್ ಇಂಡಿಯಾ ಕಂಪನಿಯ ಮ್ಯೂಸಿಯಮ್ಮಿನಲ್ಲಿದ್ದ ಕಾಲಕ್ಕೆ ನೋಡಲು ಬಂದವರು ತಾವೇ ಹಿಡಿ ತಿರುಗಿಸಿ ಸದ್ದು ಹೊರಡಿಸುತ್ತಿದ್ದರು. ಈಗ ಅದು ಗಾಜಿನ ಪೆಟ್ಟಿಗೆಯಲ್ಲಿದೆ. ಅಷ್ಟು ಹಳೆಯ ಯಂತ್ರವನ್ನು ದಿನವೂ ಆಡಿಸುವಂತಿಲ್ಲ. ವೀಸಾ ಪಡೆದು, ವಿಮಾನ ಹತ್ತಿ ಲಂಡನ್ನಿಗೆ ಹೋದವರಿಗೆ ಹುಲಿ ಕಾಣುತ್ತದೆ, ಆದರೆ ಅದರ ದನಿ ಕೇಳುವುದಿಲ್ಲ. ಮ್ಯೂಸಿಯಮ್ಮಿನವರೇ ಎಚ್ಚರದಿಂದ ಅದನ್ನು ನುಡಿಸಿ ಚಿತ್ರೀಕರಿಸಿದ ದೃಶ್ಯ ಅಂತರಜಾಲದಲ್ಲಿದೆ. ಮಂಡ್ಯದಲ್ಲೋ ಮಳವಳ್ಳಿಯಲ್ಲೋ ಮನೆಯಲ್ಲಿ ಕುಳಿತವರಿಗೆ ಅದು ಕಾಣುವುದಷ್ಟೇ ಅಲ್ಲ, ಕೇಳಿಸುತ್ತದೆ ಕೂಡ.

ಈ ಉದಾಹರಣೆಯಿಂದ ಆರಂಭಿಸಿದ್ದಕ್ಕೆ ಕಾರಣವಿದೆ. ಮನೆಯಲ್ಲಿ ಕುಳಿತು ವಸ್ತುಸಂಗ್ರಹಾಲಯಗಳನ್ನೂ ಕಲಾಪ್ರದರ್ಶನಗಳನ್ನೂ ನೋಡುವುದೆಂದರೆ ಹೋಗಲಾಗದವರು ಮಾಡಿಕೊಳ್ಳುವ ಸಮಾಧಾನ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಅಭ್ಯಾಸ ಹೆಚ್ಚಿನವರಿಗೆ ಪರಿಚಯವಾದದ್ದೂ ಸಂಕಟದ ಕಾಲದಲ್ಲಿಯೇ. ಯುನೆಸ್ಕೊ 2020ರ ಮೇ ತಿಂಗಳಲ್ಲಿ ಕೊಟ್ಟ ಲೆಕ್ಕದಂತೆ ಕೊರೊನಾದಿಂದಾಗಿ ಜಗತ್ತಿನ ಶೇಕಡಾ 90ರಷ್ಟು ಮ್ಯೂಸಿಯಂಗಳು, ಎಂದರೆ 85,000ಕ್ಕೂ ಹೆಚ್ಚು ಸಂಸ್ಥೆಗಳು ಬಾಗಿಲು ಹಾಕಿದ್ದವು. ಆಗ ಅವು ತಮ್ಮ ಜಾಲತಾಣಗಳತ್ತ ಜನರನ್ನು ಕರೆದವು, ಜನರೂ ಹೋದರು. ಬಾಗಿಲು ತೆರೆದ ಮೇಲೆ ಹಲವರು ಆ ಅಭ್ಯಾಸವನ್ನು ಮಾಸ್ಕಿನ ಜೊತೆಗೇ ಕಳಚಿಟ್ಟರು. ಹಾಗೆ ಬಿಟ್ಟದ್ದು ನಷ್ಟವೆಂಬುದು ನನ್ನ ವಾದ. ಪರದೆಯ ಮೇಲೆ ಕಲಾಕೃತಿಯನ್ನು ನೋಡುವುದನ್ನು ಮ್ಯೂಸಿಯಂ ಭೇಟಿಯ ಬಡ ನಕಲು ಎಂದುಕೊಂಡಿರುವುದರಿಂದಲೇ ಅದರಿಂದ ಸಿಗಬೇಕಾದ್ದು ನಮಗೆ ಸಿಗುತ್ತಿಲ್ಲ. ಅದು ಪ್ರವಾಸಕ್ಕಿಂತ ಓದಿಗೆ ಹತ್ತಿರವಾದ ಕೆಲಸ. ಒಂದು ಕೃತಿಯನ್ನು ಹಿಡಿದು, ಮತ್ತೆ ಮತ್ತೆ ಅದಕ್ಕೆ ಮರಳಿ, ಅಂಗುಲ ಅಂಗುಲವಾಗಿ ನೋಡುತ್ತ ಹೋಗುವ ಈ ಕೆಲಸವನ್ನು ಮೂಲಕೃತಿಯ ಮುಂದೆ ನಿಂತವರೂ ಹಲವು ಸಲ ಮಾಡಲಾರರು.

ನಮ್ಮನ್ನು ದಾರಿ ತಪ್ಪಿಸಿದ್ದು ‘ವರ್ಚುವಲ್ ಟೂರ್’ ಎಂಬ ಕಲ್ಪನೆ. 2011ರ ಫೆಬ್ರುವರಿ 1ರಂದು ಗೂಗಲ್ ಸಂಸ್ಥೆ ತನ್ನ ಆರ್ಟ್ ಪ್ರಾಜೆಕ್ಟನ್ನು ಆರಂಭಿಸಿದಾಗ ಅದರಲ್ಲಿ 17 ಮ್ಯೂಸಿಯಂಗಳಿದ್ದವು. ಮರುವರ್ಷ ಏಪ್ರಿಲ್ ಹೊತ್ತಿಗೆ ಅವು 40 ದೇಶಗಳ 151 ಆದವು, ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವೂ ಸೇರಿಕೊಂಡವು. ಅಲ್ಲಿ ಎರಡು ಬಗೆಯ ಸೌಲಭ್ಯಗಳಿದ್ದವು. ಒಂದು, ಬೀದಿಗಳ ಚಿತ್ರ ತೆಗೆಯುವ ಕ್ಯಾಮೆರಾವನ್ನೇ ಒಳಗೆ ತಂದು ಪಡಸಾಲೆಗಳಲ್ಲಿ ಓಡಾಡಿದಂತೆ ತೋರಿಸುವುದು. ಇನ್ನೊಂದು, ಪ್ರತಿ ಮ್ಯೂಸಿಯಂ ಆರಿಸಿಕೊಟ್ಟ ಒಂದೊಂದು ಕೃತಿಯನ್ನು ಸುಮಾರು 700 ಕೋಟಿ ಪಿಕ್ಸೆಲ್‌ಗಳಷ್ಟು ವಿವರವಾಗಿ ಕಾಣಿಸುವುದು. ಮೊದಲನೆಯದನ್ನು ನೋಡೋಣ. ಬಾಣದ ಗುರುತನ್ನು ಒತ್ತುತ್ತ ಒಂದು ಕೋಣೆಯಿಂದ ಇನ್ನೊಂದಕ್ಕೆ ಜಾರುವಾಗ ಗೋಡೆಗಳು ಕಾಣುತ್ತವೆ, ನೆಲದ ಹೊಳಪು ಕಾಣುತ್ತದೆ. ಚಿತ್ರಗಳು ಮಾತ್ರ ಅಂಚೆಚೀಟಿಯಷ್ಟು ಚಿಕ್ಕದಾಗಿ ಓರೆಯಾಗಿ ಕಾಣುತ್ತವೆ. ಹಕ್ಕುಸ್ವಾಮ್ಯದ ಕಾರಣಕ್ಕೆ ಕೆಲವನ್ನು ಮಸುಕು ಮಾಡಿರುವುದೂ ಉಂಟು. ಐದು ನಿಮಿಷದಲ್ಲಿ ಬೇಸರವಾಗಿ ‘ಇದು ನಮಗಲ್ಲ’ ಎಂದು ಜನ ಎದ್ದುಬಿಡುತ್ತಾರೆ. ಅವರ ಬೇಸರ ನ್ಯಾಯವಾದದ್ದೇ. ಆದರೆ ಅವರು ಎರಡನೆಯ ಸೌಲಭ್ಯದತ್ತ ಹೋಗದೆ ಎದ್ದರು ಎಂಬುದು ದುಃಖದ ಸಂಗತಿ. ಓಡಾಟದ ಚಿತ್ರಣಕ್ಕೆ ಬೆಲೆ ಬರುವ ಸಂದರ್ಭವೊಂದಿದೆ. 2018ರ ಸೆಪ್ಟೆಂಬರ್ 2ರ ರಾತ್ರಿ ಬ್ರೆಜಿಲ್‌ನ ರಿಯೊ ಡಿ ಜನೈರೊ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸುಟ್ಟುಹೋಯಿತು. ಸುಮಾರು ಎರಡು ಕೋಟಿ ವಸ್ತುಗಳ ಸಂಗ್ರಹದಲ್ಲಿ ಬಹುಭಾಗ ಬೂದಿಯಾಯಿತು. ಅದಕ್ಕೂ ಮೊದಲೇ ತೆಗೆದಿದ್ದ ಕೋಣೆಗಳ ಚಿತ್ರಗಳನ್ನು ಅದೇ ವರ್ಷದ ಕೊನೆಗೆ ಜನರಿಗೆ ತೆರೆದಿಟ್ಟರು. ಸುಡುವ ಮೊದಲಿದ್ದ ಆ ಪಡಸಾಲೆಗಳಲ್ಲಿ ಇನ್ನು ಹಾಗೆ ಮಾತ್ರ ಓಡಾಡಬಹುದು.

ಎರಡನೆಯ ಬಗೆಗೆ ಬರೋಣ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಜನ ಒಂದೊಂದು ಪ್ರಸಿದ್ಧ ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆಂದು ಜೆಫ್ರಿ ಸ್ಮಿತ್ ಮತ್ತು ಲಿಸಾ ಸ್ಮಿತ್ ಎಂಬ ಸಂಶೋಧಕರು ಅಳೆದು 2001ರಲ್ಲಿ ಪ್ರಕಟಿಸಿದರು. ಸರಾಸರಿ ಸುಮಾರು 27 ಸೆಕೆಂಡು. ಅರ್ಧದಷ್ಟು ನೋಟಗಳು 17 ಸೆಕೆಂಡಿನೊಳಗೇ ಮುಗಿದಿದ್ದವು. ಇದರಲ್ಲಿ ನೋಡುಗರ ತಪ್ಪೇನೂ ಇಲ್ಲ. ದೂರದಿಂದ ಬಂದವರು, ಕಾಲು ನೋಯುತ್ತಿದೆ, ಇನ್ನೂ ಹತ್ತಾರು ಕೋಣೆಗಳಿವೆ, ಹಿಂದೆ ಜನ ಕಾಯುತ್ತಿದ್ದಾರೆ, ಬಾಗಿಲು ಮುಚ್ಚುವ ಹೊತ್ತಾಗುತ್ತಿದೆ. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಮೋನಾಲಿಸಾ ಚಿತ್ರದ ಎತ್ತರ 77 ಸೆಂಟಿಮೀಟರ್, ಅಗಲ 53. ಗಾಜಿನ ಹಿಂದಿರುವ ಅದನ್ನು ಕಟಕಟೆಯಾಚೆಯಿಂದ, ಎತ್ತಿ ಹಿಡಿದ ಮೊಬೈಲುಗಳ ಸಂದಿಯಿಂದ ನೋಡಬೇಕು. ಹಾಗಾದರೆ ‘ಮೂಲಕೃತಿಯನ್ನು ನೋಡಿದೆ’ ಎನ್ನುವಾಗ ನಾವು ಹೇಳುತ್ತಿರುವುದು ಏನನ್ನು? ಎದುರಿಗೆ ಹೋಗಿದ್ದೆವು ಎನ್ನುವುದನ್ನು. ಅದೂ ಬೆಲೆಯುಳ್ಳದ್ದೇ, ನಾವು ದೇವಸ್ಥಾನಕ್ಕೂ ಹಾಗೆಯೇ ಹೋಗಿಬರುತ್ತೇವೆ. ಆದರೆ ನೋಟವೆಂಬ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ, ಹಲವು ಸಲ ಅಲ್ಲಿ ಶುರುವೇ ಆಗಿರುವುದಿಲ್ಲ.

ನೋಟ ಎಂದರೆ ಏನೆಂದು ಒಂದೇ ಚಿತ್ರ ಹಿಡಿದು ಹೇಳುತ್ತೇನೆ. ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿ ಯೋಹಾನ್ನೆಸ್ ವರ್ಮೀರ್ ಎಂಬ ಡಚ್ ಕಲಾವಿದ 1660ರ ಆಸುಪಾಸಿನಲ್ಲಿ ಬರೆದ ಒಂದು ಚಿತ್ರವಿದೆ. ಅಡುಗೆಮನೆಯಲ್ಲಿ ಹೆಂಗಸೊಬ್ಬಳು ಮಣ್ಣಿನ ಹೂಜಿಯಿಂದ ಪಾತ್ರೆಗೆ ಹಾಲು ಎರೆಯುತ್ತಿದ್ದಾಳೆ. ಚಿತ್ರ ಸಣ್ಣದು, 45.5 ಸೆಂಟಿಮೀಟರ್ ಎತ್ತರ, 41 ಸೆಂಟಿಮೀಟರ್ ಅಗಲ. ಮ್ಯೂಸಿಯಮ್ಮಿನ ಜಾಲತಾಣದಲ್ಲಿ ಇದನ್ನು ತೆರೆದು ಪರದೆಯ ತುಂಬ ಹಿಗ್ಗಿಸಿ ನೋಡಿ. ಮೊದಲು ಕಾಣುವುದು ಆಕೆ, ಆಕೆಯ ಹಳದಿ ಕುಪ್ಪಸ, ನೀಲಿ ಏಪ್ರನ್, ಎಳೆಯಾಗಿ ಇಳಿಯುತ್ತಿರುವ ಹಾಲು. ಎಡಗಡೆಯ ಕಿಟಕಿಯ ಗಾಜುಗಳ ಮೇಲೆ ಕಣ್ಣಾಡಿಸಿದರೆ ಅವುಗಳಲ್ಲೊಂದು ಒಡೆದಿರುವುದು ಕಾಣುತ್ತದೆ. ಬರಿಗೋಡೆಯೆಂದು ದಾಟಿಬಿಡುವ ಜಾಗದಲ್ಲಿ ಒಂದು ಮೊಳೆಯಿದೆ, ಆ ಮೊಳೆಗೆ ನೆರಳಿದೆ, ಹಿಂದೆ ಬೇರೆ ಮೊಳೆಗಳನ್ನು ಹೊಡೆದು ಕಿತ್ತ ತೂತುಗಳಿವೆ. ಮೇಜಿನ ಮೇಲಿನ ಬ್ರೆಡ್ಡಿನತ್ತ ಇನ್ನಷ್ಟು ಹತ್ತಿರ ಹೋದರೆ ಅದರ ಒರಟು ಹೊರಮೈ ಬಣ್ಣದ ಚುಕ್ಕಿಗಳಾಗಿ ಬಿಡಿಸಿಕೊಳ್ಳುತ್ತದೆ. ಬೆಳಕು ತಾಗಿದ ಕಡೆಯಲ್ಲೆಲ್ಲ ವರ್ಮೀರ್ ಕುಂಚದ ತುದಿಯಿಂದ ಬಿಳಿ ಹಳದಿ ಚುಕ್ಕಿಗಳನ್ನು ಇಟ್ಟಿದ್ದಾನೆ. ನೆಲದ ಮೇಲೆ ಬಲಗಡೆ ಕಾಲು ಬೆಚ್ಚಗಿಡುವ ಕೆಂಡದ ಪೆಟ್ಟಿಗೆಯಿದೆ, ಅದರ ಹಿಂದೆ ಗೋಡೆಯಂಚಿನ ಹೆಂಚುಬಿಲ್ಲೆಗಳ ಪೈಕಿ ಒಂದರ ಮೇಲೆ ಬಿಲ್ಲು ಹಿಡಿದ ಪುಟ್ಟ ಮನ್ಮಥನಿದ್ದಾನೆ. ಆಕೆ ಯಾರನ್ನೋ ನೆನೆಯುತ್ತಿರಬಹುದೆ ಎಂದು ಕಲಾ ಇತಿಹಾಸಕಾರರು ಚರ್ಚಿಸುವುದು ಈ ಬಿಲ್ಲೆಯನ್ನು ಇಟ್ಟುಕೊಂಡೇ. ಮ್ಯೂಸಿಯಮ್ಮಿನಲ್ಲಿ ಹಗ್ಗದಾಚೆ ನಿಂತು, ಒಂದೂವರೆ ಅಡಿಯ ಚಿತ್ರದ ಮೂಲೆಯಲ್ಲಿ ಉಗುರಿನಷ್ಟಿರುವ ಇದನ್ನು ಗುರುತಿಸಲು ಎಷ್ಟು ಜನರ ಕಣ್ಣಿಗೆ ಆದೀತು?

ಕಣ್ಣಿಗೆ ಎಂದೂ ಕಾಣದ್ದೂ ಇಲ್ಲಿ ಸಿಗುತ್ತದೆ. ಬಣ್ಣದ ಪದರಗಳ ಕೆಳಗಿರುವುದನ್ನು ತೋರಿಸುವ ಉಪಕರಣಗಳಿಂದ ಇದೇ ಚಿತ್ರವನ್ನು ಪರೀಕ್ಷಿಸಿ 2022ರಲ್ಲಿ ರೈಕ್ಸ್ ಮ್ಯೂಸಿಯಂ ಫಲಿತಾಂಶವನ್ನು ಪ್ರಕಟಿಸಿತು. ಆಕೆಯ ತಲೆಯ ಹಿಂದೆ ಹೂಜಿಗಳನ್ನು ತೂಗುಹಾಕುವ ಹಲಗೆಯೊಂದನ್ನು, ಕೆಳಗೆ ಬಲಮೂಲೆಯಲ್ಲಿ ಬೆಂಕಿಯ ಬುಟ್ಟಿಯೊಂದನ್ನು ವರ್ಮೀರ್ ಮೊದಲು ಬರೆದು ಆಮೇಲೆ ಅಳಿಸಿದ್ದ. ಆ ಗೋಡೆ ಅಷ್ಟು ಬರಿದಾಗಿ ನಮ್ಮನ್ನು ಹಿಡಿದು ನಿಲ್ಲಿಸುವುದು ಆಕಸ್ಮಿಕದಿಂದಲ್ಲ, ಕಲಾವಿದ ತೆಗೆದುಹಾಕಿದ್ದರಿಂದ. ಇದನ್ನು ತಿಳಿದ ಮೇಲೆ ಮತ್ತೆ ಚಿತ್ರಕ್ಕೆ ಮರಳಿದರೆ ಆ ಖಾಲಿ ಜಾಗ ತೂಕ ಪಡೆಯುತ್ತದೆ. ಮರುವರ್ಷ ಅದೇ ಮ್ಯೂಸಿಯಂ ವರ್ಮೀರನ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು. ಅವನದೆಂದು ಸಾಮಾನ್ಯವಾಗಿ ಒಪ್ಪಿರುವ ಚಿತ್ರಗಳು 37ರಷ್ಟು. ಅವುಗಳಲ್ಲಿ 28 ಅಲ್ಲಿಗೆ ಬಂದಿದ್ದವು. ನಾಲ್ಕು ತಿಂಗಳೊಳಗೆ ಆರೂವರೆ ಲಕ್ಷ ಜನ ನೋಡಿದರು, ಟಿಕೆಟ್ಟುಗಳೆಲ್ಲ ಖರ್ಚಾಗಿ ಹೋಗಿ ಅದೆಷ್ಟೋ ಜನ ನಿರಾಶರಾದರು. ಆದರೆ ವರ್ಮೀರನ ಚಿತ್ರಗಳನ್ನು ಹತ್ತಿರದಿಂದ ಬಿಡಿಸಿ ತೋರಿಸುವ, ಸ್ಟೀಫನ್ ಫ್ರೈ ಅವರ ಇಂಗ್ಲಿಷ್ ನಿರೂಪಣೆಯುಳ್ಳ ಅಂತರಜಾಲದ ಪ್ರದರ್ಶನವೊಂದನ್ನೂ ಮ್ಯೂಸಿಯಂ ಸಿದ್ಧಪಡಿಸಿತ್ತು. ಅದಕ್ಕೆ ಟಿಕೆಟ್ಟೂ ಇರಲಿಲ್ಲ, ಸರದಿಯೂ ಇರಲಿಲ್ಲ.

ಅದೇ ಕಟ್ಟಡದಲ್ಲಿರುವ ರೆಂಬ್ರಾಂಟನ ‘ನೈಟ್ ವಾಚ್’ ಇದಕ್ಕೆ ತದ್ವಿರುದ್ಧ ಅಳತೆಯದು. 1642ರ ಈ ಚಿತ್ರ ಸುಮಾರು ಮೂರು ಮುಕ್ಕಾಲು ಮೀಟರ್ ಎತ್ತರ, ನಾಲ್ಕೂವರೆ ಮೀಟರ್ ಅಗಲವಿದೆ. ಇದರ ಸಂಶೋಧನೆ ಮತ್ತು ಸಂರಕ್ಷಣೆಯ ಕೆಲಸದ ಅಂಗವಾಗಿ 8,439 ಬಿಡಿ ಛಾಯಾಚಿತ್ರಗಳನ್ನು ತೆಗೆದು, ಅವನ್ನು ಹೆಣೆದು, 71,700 ಕೋಟಿ ಪಿಕ್ಸೆಲ್‌ಗಳ ಒಂದೇ ಚಿತ್ರವನ್ನು 2022ರ ಜನವರಿಯಲ್ಲಿ ಎಲ್ಲರಿಗೂ ತೆರೆದಿಟ್ಟರು. ಅದರ ಒಂದು ಪಿಕ್ಸೆಲ್ ಎಂದರೆ ಮೂಲಚಿತ್ರದ ಮೇಲಿನ ಒಂದು ಮಿಲಿಮೀಟರಿನ 200ರಲ್ಲಿ ಒಂದು ಪಾಲು. ಚಿತ್ರದಲ್ಲಿರುವ ದಳಪತಿಯ ಕಣ್ಣಿನ ಮೇಲೆ ರೆಂಬ್ರಾಂಟ್ ಇಟ್ಟ ಬೆಳಕಿನ ಚುಕ್ಕಿಯಿಂದ ಹಿಡಿದು ಬಣ್ಣದ ಬಿರುಕು, ಬಣ್ಣದ ಕಣದವರೆಗೆ ಹೋಗಬಹುದು. ಸಂರಕ್ಷಣೆಯ ತಜ್ಞರು ಸೂಕ್ಷ್ಮದರ್ಶಕದಲ್ಲಿ ನೋಡುವ ಮಟ್ಟ ಇದು. ಯಾವ ಸಾಮಾನ್ಯ ಸಂದರ್ಶಕನಿಗೂ, ಎಷ್ಟು ಹಣ ಕೊಟ್ಟರೂ, ಆ ಚಿತ್ರಕ್ಕೆ ಇಷ್ಟು ಹತ್ತಿರ ಹೋಗಲು ಬಿಡುವುದಿಲ್ಲ. ಹಿಂದೆ ತಜ್ಞರ ಪಾಲಿಗೆ ಮಾತ್ರ ಇದ್ದ ನೋಟ ಈಗ ಹಾವೇರಿಯ ಕಲಾಶಾಲೆಯ ವಿದ್ಯಾರ್ಥಿಗೂ ಸಿಗುತ್ತಿದೆ ಎಂಬುದನ್ನು ಸಣ್ಣ ಸಂಗತಿಯೆಂದು ನಾನು ತಿಳಿಯಲಾರೆ.

ಇದು ಯುರೋಪಿನ ಚಿತ್ರಗಳ ಮಾತಾಯಿತು, ನಮಗೇನು ಎನ್ನುವವರು ಬೆಂಗಳೂರಿನಲ್ಲೇ ನಡೆದಿರುವ ಕೆಲಸವನ್ನು ಗಮನಿಸಬೇಕು. ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಬೆಂಗಳೂರು ಸುತ್ತಮುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಯೋಜನೆ ನಡೆದಿದೆ. ಶಾಸನತಜ್ಞ ಬಿ. ಎಲ್. ರೈಸ್ ಅವರ ಕಾಲದಿಂದ ಶಾಸನ ಓದುವವರು ಕಾಗದವನ್ನು ಕಲ್ಲಿಗೆ ಅಂಟಿಸಿ ಮಸಿಯಿಂದ ಪಡಿಯಚ್ಚು ತೆಗೆಯುತ್ತ ಬಂದರು. ಅಕ್ಷರ ಸವೆದಿದ್ದರೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿಗೆ ಕಾಯಬೇಕಾಗಿತ್ತು. ಮೂರು ಆಯಾಮದ ಪ್ರತಿಯಲ್ಲಿ ಬೆಳಕನ್ನು ನಮಗೆ ಬೇಕಾದ ದಿಕ್ಕಿಗೆ ತಿರುಗಿಸಬಹುದು, ಕಲ್ಲಿನ ಬಣ್ಣ ಮತ್ತು ಕಲೆಗಳನ್ನು ತೆಗೆದು ಬರೀ ಮೇಲ್ಮೈಯ ಏರಿಳಿತವನ್ನಷ್ಟೇ ನೋಡಬಹುದು. ಬರಿಗಣ್ಣಿಗೆ ಕಲ್ಲೇ ಕಲ್ಲಾಗಿದ್ದ ಕಡೆ ಅಕ್ಷರ ಏಳುತ್ತದೆ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 750ರದೆಂದು ಹೇಳುವ ಕಿಟ್ಟಯ್ಯನ ವೀರಗಲ್ಲಿನಂಥವು ಈ ನಗರದ ಹಳಮೆಯನ್ನೇ ನಮಗೆ ಹೊಸದಾಗಿ ತಿಳಿಸಿವೆ. ರಸ್ತೆ, ಬಡಾವಣೆ, ಪಾಯಗಳ ಕೆಳಗೆ ಎಷ್ಟೋ ಕಲ್ಲುಗಳು ಮರೆಯಾದ ಊರಿನಲ್ಲಿ ಇಂಥ ಪ್ರತಿ ಉಳಿಯುವುದು ಓದಿಗೂ ಬೇಕು, ನೆನಪಿಗೂ ಬೇಕು. ಇಲ್ಲಿ ಪರದೆಯ ಮೇಲಿನ ಪ್ರತಿ ಮೂಲಕ್ಕಿಂತ ಚೆನ್ನಾಗಿ ಓದಿಸಿಕೊಳ್ಳುತ್ತದೆ ಎಂದು ಧೈರ್ಯವಾಗಿ ಹೇಳಬಹುದು.

ಈಗ ಆಕ್ಷೇಪಣೆಗಳಿಗೆ ಬರುತ್ತೇನೆ. ಮೊದಲನೆಯದು ಎಲ್ಲಕ್ಕಿಂತ ಗಟ್ಟಿಯಾದದ್ದು: ಮೂಲಕೃತಿಯ ಎದುರು ನಿಂತಾಗ ಆಗುವ ಅನುಭವ ಪ್ರತಿಯಲ್ಲಿ ಆಗುವುದಿಲ್ಲ. ಜರ್ಮನ್ ಚಿಂತಕ ವಾಲ್ಟರ್ ಬೆಂಯಾಮಿನ್ 1930ರ ದಶಕದಲ್ಲೇ ಇದನ್ನು ಆಳವಾಗಿ ಚರ್ಚಿಸಿದರು. ಯಂತ್ರದಿಂದ ಪ್ರತಿಗಳು ಹುಟ್ಟತೊಡಗಿದಾಗ ಕೃತಿಗೆ ಅದರ ಸ್ಥಳ ಕಾಲಗಳಿಂದ ಬಂದ ಪ್ರಭಾವಳಿ ಕುಂದುತ್ತದೆ ಎಂಬುದು ಅವರ ಮಾತಿನ ಸಾರ. ಇದರಲ್ಲಿ ಒಪ್ಪಬೇಕಾದ್ದು ಬಹಳವಿದೆ. ಶ್ರವಣಬೆಳಗೊಳದ ಗೊಮ್ಮಟನನ್ನು ಪರದೆಯ ಮೇಲೆ ಎಷ್ಟು ಹಿಗ್ಗಿಸಿದರೂ ಅವನು ದೊಡ್ಡವನಾಗುವುದಿಲ್ಲ. ಬೆಟ್ಟ ಹತ್ತಿದ ಏದುಸಿರಿನಲ್ಲಿ, 58 ಅಡಿಯ ಕಲ್ಲಿನ ಪಾದದ ಬಳಿ ನಿಂತು ಕತ್ತೆತ್ತುವಾಗ ನಮ್ಮ ದೇಹವೇ ಅಳತೆಗೋಲಾಗುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಹಲ್ದಣಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ಕತ್ತಲೆ ಮಾಡಿದ ಕೋಣೆಯಲ್ಲಿ ಇಟ್ಟಿದ್ದಾರೆ. ಆ ಕತ್ತಲೆಯೂ ಅದನ್ನು ನೋಡುವ ಅನುಭವದ ಭಾಗ, ತಾನೇ ಬೆಳಗುವ ಪರದೆಗೆ ಅದು ಒಗ್ಗದು. ಆದ್ದರಿಂದ ಎಲ್ಲ ಕೃತಿಗಳೂ ಪರದೆಗೆ ಸಮನಾಗಿ ಒಪ್ಪುತ್ತವೆ ಎಂದು ನಾನು ವಾದಿಸುತ್ತಿಲ್ಲ. ಸಣ್ಣ ಅಳತೆಯ, ವಿವರ ಕಿಕ್ಕಿರಿದ ಕೃತಿಗಳು ಚೆನ್ನಾಗಿ ಒಪ್ಪುತ್ತವೆ: ಮೊಗಲ್ ಮತ್ತು ಪಹಾಡಿ ಕಿರುಚಿತ್ರಗಳು, ತಾಳೆಗರಿಯ ಚಿತ್ರಗಳು, ನಾಣ್ಯಗಳು, ಶಾಸನಗಳು, ನೇಯ್ಗೆ. ಕಿರುಚಿತ್ರಗಳಲ್ಲಿ ಹಲವನ್ನು ಮಾಡಿದ್ದೇ ಒಬ್ಬರು ಕೈಯಲ್ಲಿ ಹಿಡಿದು, ಮುಖದ ಹತ್ತಿರ ತಂದುಕೊಂಡು ನೋಡಲೆಂದು. ಗೋಡೆಗೆ ನೇತುಹಾಕಿ ಗಾಜಿನ ಹಿಂದಿಟ್ಟಾಗಲೇ ಅವು ನಮ್ಮಿಂದ ದೂರವಾದವು.

ಪ್ರತಿಯಲ್ಲಿ ಕಲೆಯೇ ಇಲ್ಲ ಎನ್ನುವವರಿಗೆ ನಮ್ಮ ಮನೆಗಳ ಗೋಡೆಗಳೇ ಉತ್ತರ ಹೇಳುತ್ತವೆ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯ ಘಾಟ್‌ಕೋಪರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭಿಸಿದರು. ಅರಮನೆಗಳಲ್ಲಿದ್ದ ತೈಲಚಿತ್ರಗಳ ಎದುರು ನಿಲ್ಲುವ ಯೋಗವಿಲ್ಲದ ಲಕ್ಷಾಂತರ ಜನರ ದೇವರಕೋಣೆಗೆ, ಅಂಗಡಿಗೆ, ಪಡಸಾಲೆಗೆ ಅವರ ಸರಸ್ವತಿ, ಲಕ್ಷ್ಮಿಯರು ಬಂದದ್ದು ಅಚ್ಚಿನ ಕಾಗದದ ಮೇಲೆ. ಆ ಪ್ರತಿಗಳ ಮುಂದೆ ಜನ ಕೈಮುಗಿದರು, ಹೆಣ್ಣುಮಕ್ಕಳು ಅವುಗಳಿಗೆ ಜರಿ ಮಣಿ ಅಂಟಿಸಿ ಸೀರೆ ಉಡಿಸಿದರು. ಬೆಂಯಾಮಿನ್ ಹೇಳಿದ ಪ್ರಭಾವಳಿ ನಮ್ಮಲ್ಲಿ ಪ್ರತಿಗೇ ಬಂದು ಕೂತಿತು. ಭಾರತೀಯರು ಚಿತ್ರ ನೋಡುವುದನ್ನು ಕಲಿತದ್ದೇ ಹೆಚ್ಚಿನ ಮಟ್ಟಿಗೆ ಪ್ರತಿಗಳಿಂದ. ಹೀಗಿರುವಾಗ ಅಚ್ಚಿನ ಪ್ರತಿಗಿಂತ ಸಾವಿರ ಪಟ್ಟು ನಿಖರವಾದ ಪ್ರತಿ ಕೈಗೆ ಬಂದಾಗ ಮೂಗು ಮುರಿಯುವುದಕ್ಕೆ ಕಾರಣ ಕಾಣುವುದಿಲ್ಲ.

ಎರಡನೆಯ ಆಕ್ಷೇಪಣೆ, ಎಲ್ಲವೂ ಮನೆಯಲ್ಲಿ ಸಿಕ್ಕರೆ ಮ್ಯೂಸಿಯಮ್ಮಿಗೆ ಯಾರು ಹೋಗುತ್ತಾರೆ ಎಂಬುದು. ಇದಕ್ಕೆ ರೇಡಿಯೊ ಉತ್ತರ ಕೊಟ್ಟಿದೆ. ಎಂ. ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿ ಆರಂಭಿಸಿದ ಮೇಲೆ ಮನೆಯಲ್ಲಿ ಸಂಗೀತ ಕೇಳಿದವರು ಕಚೇರಿಗೆ ಹೋಗುವುದನ್ನು ಬಿಡಲಿಲ್ಲ. ರಾಗ ಗುರುತಿಸಲು ಕಲಿತು ಇನ್ನಷ್ಟು ಆಸೆಯಿಂದ ಹೋದರು. ಮ್ಯೂಸಿಯಂಗಳ ವಿಷಯದಲ್ಲೂ ಆದದ್ದು ಹಾಗೆಯೇ. ರೈಕ್ಸ್ ಮ್ಯೂಸಿಯಂ 2012ರಲ್ಲಿ 1,25,000 ಕೃತಿಗಳ ದೊಡ್ಡ ಚಿತ್ರಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿತು. ಹತ್ತು ವರ್ಷಗಳ ದುರಸ್ತಿಯ ನಂತರ 2013ರ ಏಪ್ರಿಲ್‌ನಲ್ಲಿ ಕಟ್ಟಡ ತೆರೆದಾಗ ಆ ವರ್ಷವೇ 20 ಲಕ್ಷಕ್ಕೂ ಹೆಚ್ಚು ಜನ ಬಂದರು. ಬೆಂಗಳೂರಿನ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ, ಎಲ್ಲರೂ ‘ಮ್ಯಾಪ್’ ಎನ್ನುವ ಸಂಸ್ಥೆ, ಹುಟ್ಟಿದ್ದೇ ಅಂತರಜಾಲದಲ್ಲಿ. ಕೊರೊನಾದಿಂದ ಕಟ್ಟಡ ತಡವಾದಾಗ 2020ರ ಡಿಸೆಂಬರ್‌ನಲ್ಲಿ ಅದು ಪರದೆಯ ಮೇಲೆ ಬಾಗಿಲು ತೆರೆಯಿತು. ಕಸ್ತೂರಬಾ ರಸ್ತೆಯ ಕಟ್ಟಡ ಜನರಿಗೆ ತೆರೆದದ್ದು 2023ರ ಫೆಬ್ರುವರಿಯಲ್ಲಿ. ಜನ ಹೆಚ್ಚಾಗಿ ಬಂದರೆ ಹಾನಿಯಾಗುವ ಸ್ಥಳಗಳಿಗಂತೂ ಪರದೆಯೇ ರಕ್ಷಣೆ. ಉಸಿರಿನ ತೇವ, ಮೈಯ ಬಿಸಿಗಳಿಂದ ಹಾಳಾಗತೊಡಗಿದ ಫ್ರಾನ್ಸಿನ ಲಾಸ್ಕೊ ಗುಹೆಯನ್ನು 1963ರಲ್ಲಿ ಸಾರ್ವಜನಿಕರಿಗೆ ಮುಚ್ಚಿದರು. ಚೀನಾದ ಡನ್‌ಹುವಾಂಗ್‌ನವರು ಬೌದ್ಧ ಗುಹೆಗಳ ಭಿತ್ತಿಚಿತ್ರಗಳನ್ನು 2016ರಲ್ಲಿ ಅಂತರಜಾಲಕ್ಕೆ ತಂದರು, ಮೊದಲ ಕಂತಿನಲ್ಲಿ 30 ಗುಹೆಗಳು.

ಮೂರನೆಯ ಆಕ್ಷೇಪಣೆಯನ್ನು ನಾನೂ ಎತ್ತುತ್ತೇನೆ. ವಸಾಹತು ಕಾಲದಲ್ಲಿ ಕೊಂಡೊಯ್ದ ವಸ್ತುಗಳ ಚಿತ್ರವನ್ನು ಅಂತರಜಾಲದಲ್ಲಿ ಹಾಕಿ, ‘ನಿಮಗೆ ಕಾಣುತ್ತಿದೆಯಲ್ಲ, ವಸ್ತು ಇಲ್ಲೇ ಇರಲಿ’ ಎನ್ನುವ ವಾದ ಹುಟ್ಟಬಹುದು. ಹುಲಿಯ ಗುರುಗುಟ್ಟುವಿಕೆ ಮಂಡ್ಯದವರಿಗೆ ಕೇಳಿಸುವುದು ಸಂತೋಷವೇ, ಆದರೆ ಹುಲಿ ಎಲ್ಲಿರಬೇಕು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ನೋಡುವ ಹಕ್ಕು ಬೇರೆ, ಒಡೆತನದ ಹಕ್ಕು ಬೇರೆ. ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟುಕೊಳ್ಳಬೇಕು. ಆದರೂ ಒಂದು ಮಾತು ಸೇರಿಸಬೇಕು. ನಮ್ಮ ನಾಡಿನ ಯಾವ ವಸ್ತು ಯಾವ ದೇಶದಲ್ಲಿದೆ, ಯಾರ ಕೈಯಿಂದ ಯಾವಾಗ ಹೋಯಿತು ಎಂಬುದನ್ನು ಸಾಮಾನ್ಯ ಓದುಗ ಇಂದು ಹುಡುಕಿ ತಿಳಿಯಬಹುದಾದದ್ದು ಆ ಮ್ಯೂಸಿಯಂಗಳ ಅಂತರಜಾಲದ ಪಟ್ಟಿಗಳಿಂದಲೇ. ಕೇಳುವುದಕ್ಕೆ ಮೊದಲು ತಿಳಿದಿರಬೇಕು.

ನಿಜವಾದ ಕೊರತೆ ಇರುವುದು ಬೇರೆ ಕಡೆ. ಯುನೆಸ್ಕೊದ ಅದೇ ವರದಿ, ಆಫ್ರಿಕದಲ್ಲೂ ಸಣ್ಣ ದ್ವೀಪದೇಶಗಳಲ್ಲೂ ಶೇಕಡಾ 5ರಷ್ಟು ಮ್ಯೂಸಿಯಂಗಳು ಮಾತ್ರ ಅಂತರಜಾಲದಲ್ಲಿ ಏನನ್ನಾದರೂ ಒದಗಿಸಬಲ್ಲವಾಗಿದ್ದವು ಎಂದಿತು. ಹೀಗಾದರೆ ಪರದೆಯ ಮೇಲಿನ ಜಗತ್ತೂ ಶ್ರೀಮಂತ ದೇಶಗಳ ಕಲೆಯಿಂದಲೇ ತುಂಬಿಹೋಗುತ್ತದೆ. ಮೆಟ್ರೊಪಾಲಿಟನ್ ಮ್ಯೂಸಿಯಂ 2017ರ ಫೆಬ್ರುವರಿಯಲ್ಲಿ 3,75,000 ಚಿತ್ರಗಳನ್ನು ಯಾರು ಯಾವುದಕ್ಕೆ ಬೇಕಾದರೂ ಬಳಸಿಕೊಳ್ಳಲೆಂದು ಬಿಟ್ಟುಕೊಟ್ಟಿತು. ಲೂವ್ರ್ 2021ರ ಮಾರ್ಚ್‌ನಲ್ಲಿ 4,80,000ಕ್ಕೂ ಹೆಚ್ಚು ಕೃತಿಗಳ ಪಟ್ಟಿಯನ್ನು ತೆರೆಯಿತು. ನಮ್ಮಲ್ಲೂ ಕೇಂದ್ರ ಸರ್ಕಾರ ‘ಮ್ಯೂಸಿಯಮ್ಸ್ ಆಫ್ ಇಂಡಿಯಾ’ ಎಂಬ ಜಾಲತಾಣ ಮಾಡಿದೆ, ಪುಣೆಯ ಸಿ-ಡ್ಯಾಕ್ ರೂಪಿಸಿದ ‘ಜತನ್’ ಎಂಬ ತಂತ್ರಾಂಶ ಅದರ ಬೆನ್ನೆಲುಬು. ಹೆಜ್ಜೆ ಸರಿಯಾದದ್ದು. ಚಿತ್ರಗಳು ಇನ್ನಷ್ಟು ದೊಡ್ಡದಾಗಬೇಕು, ವಿವರಣೆಗಳು ತುಂಬಿಕೊಳ್ಳಬೇಕು, ಬಳಕೆಯ ನಿಯಮಗಳು ಸಡಿಲವಾಗಬೇಕು. ನಮ್ಮ ಕಾನೂನಿನಲ್ಲಿ ಕರ್ತೃ ತೀರಿಕೊಂಡ 60 ವರ್ಷಗಳ ನಂತರ ಹಕ್ಕುಸ್ವಾಮ್ಯ ಮುಗಿಯುತ್ತದೆ. ಸಾವಿರ ವರ್ಷಗಳ ಹಿಂದೆ ತೀರಿಕೊಂಡ ಶಿಲ್ಪಿಯ ಕೆಲಸದ ಒಳ್ಳೆಯ ಚಿತ್ರವನ್ನು ಶಾಲೆಯ ಉಪಾಧ್ಯಾಯರೊಬ್ಬರು ಅನುಮತಿ ಪತ್ರ ಬರೆಯದೆ ಬಳಸುವಂತಿರಬೇಕು. ಇದಕ್ಕೆಲ್ಲ ಒಂದೇ ವಿದೇಶಿ ಕಂಪನಿಯನ್ನು ನಂಬಿ ಕೂರುವುದೂ ಜಾಣತನವಲ್ಲ, ಮೂಲ ಪ್ರತಿಗಳು ಮ್ಯೂಸಿಯಮ್ಮಿನ ಕೈಯಲ್ಲೇ ಇರಬೇಕು.

ನೋಡುವವರ ಕಡೆಯಿಂದ ಆಗಬೇಕಾದ್ದನ್ನೂ ಹೇಳಿಬಿಡುತ್ತೇನೆ. ಅದೇ ಮೊಬೈಲಿನಲ್ಲಿ ಸಂದೇಶಗಳು ಟಣಗುಟ್ಟುತ್ತಿರುವಾಗ ಚಿತ್ರ ನೋಡಲಾಗುವುದಿಲ್ಲ ಎಂಬ ದೂರು ನಿಜ. ಅದಕ್ಕೆ ಪರಿಹಾರ ಶಿಸ್ತು ಮಾತ್ರ. ಒಂದು ಸಲಕ್ಕೆ ಒಂದೇ ಕೃತಿ ನೋಡಿ. ಸಾಧ್ಯವಾದರೆ ಮನೆಯ ಟೀವಿಗೆ ಜೋಡಿಸಿ ನಾಲ್ಕು ಜನ ಸೇರಿ ನೋಡಿ, ಒಬ್ಬರಿಗೆ ಕಾಣದ್ದು ಇನ್ನೊಬ್ಬರಿಗೆ ಕಾಣುತ್ತದೆ, ಮಕ್ಕಳಿಗೆ ಎಲ್ಲರಿಗಿಂತ ಬೇಗ ಕಾಣುತ್ತದೆ. ವಿವರಣೆಯನ್ನು ಕೊನೆಗೆ ಓದಿ, ಮೊದಲೇ ಓದಿದರೆ ಅದರಲ್ಲಿ ಹೇಳಿದ್ದಷ್ಟೇ ಕಾಣುತ್ತದೆ. ಕೃತಿಯ ಅಳತೆಯನ್ನು ನೋಡಿಕೊಂಡು ಸೀಮೆಸುಣ್ಣದಿಂದ ಗೋಡೆಯ ಮೇಲೆ ಆ ಅಳತೆಯ ಚೌಕಟ್ಟು ಎಳೆಯಿರಿ. ಪರದೆ ಎಲ್ಲ ಚಿತ್ರಗಳನ್ನೂ ಒಂದೇ ಗಾತ್ರಕ್ಕೆ ಇಳಿಸಿಬಿಡುತ್ತದೆ, ಈ ಗೆರೆ ಅದರ ನಿಜ ಗಾತ್ರವನ್ನು ತಿರುಗಿ ಕೊಡುತ್ತದೆ. ವ್ಯಾನ್ ಗೋ ಚಿತ್ರಗಳನ್ನು ಗೋಡೆ ನೆಲಗಳ ಮೇಲೆಲ್ಲ ಹರಿಯಬಿಟ್ಟು ಸಂಗೀತ ಸೇರಿಸಿ ತೋರಿಸುವ ಪ್ರದರ್ಶನಗಳು ಈಗ ಊರೂರಿಗೆ ಬರುತ್ತಿವೆ. ಅವುಗಳಲ್ಲಿ ಬೆರಗಿದೆ, ಆದರೆ ಅಲ್ಲಿ ಚಿತ್ರ ಒಂದು ಕ್ಷಣವೂ ನಿಲ್ಲುವುದಿಲ್ಲ. ಮನೆಯ ಪರದೆಯಲ್ಲಿ ಸ್ಥಿರವಾಗಿ ನಿಂತ ಒಂದೇ ಚಿತ್ರದ ಎದುರು ಕಾಲುಗಂಟೆ ಕುಳಿತವರು ಅದಕ್ಕಿಂತ ಹೆಚ್ಚನ್ನು ಪಡೆಯುತ್ತಾರೆ ಎಂಬುದು ನನ್ನ ಖಚಿತ ನಂಬಿಕೆ.

ಕೊನೆಗೆ ಭಾಷೆಯ ಮಾತು: ಇವೆಲ್ಲ ಕನ್ನಡದಲ್ಲಿ ಸಿಗಬೇಕು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲು ಇದೆ. ಕ್ರಿ.ಶ. 949ರ ಸುಮಾರಿನದು. ತಕ್ಕೋಲವೆಂಬಲ್ಲಿ ನಡೆದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ನೆಟ್ಟ ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಎದುರುಬದುರಾಗಿ ಇಂದಿಗೂ ಕಾದುತ್ತಿವೆ, ಸುತ್ತ ಹಳಗನ್ನಡದ ಅಕ್ಷರಗಳಿವೆ. ಈ ಕಲ್ಲನ್ನು ತಿರುಗಿಸಿ ನೋಡಬಹುದಾದ ಪ್ರತಿಯೊಂದಿಗೆ, ಸಾಲು ಸಾಲಿನ ಹೊಸಗನ್ನಡ ಅರ್ಥದೊಂದಿಗೆ, ಕಣ್ಣು ಕಾಣದವರಿಗಾಗಿ ಓದಿ ಹೇಳುವ ದನಿಯೊಂದಿಗೆ ಪರದೆಯ ಮೇಲೆ ಇಟ್ಟರೆ ಬೀದರಿನ ಮಗು ಬೆಂಗಳೂರಿಗೆ ಬರುವ ಮೊದಲೇ ಕಾಳಿಯನ್ನು ಬಲ್ಲದು. ಬಂದಾಗ ನೇರ ಆ ಕಲ್ಲಿನ ಬಳಿಗೇ ಓಡುತ್ತದೆ. ನಮ್ಮ ರಾಜ್ಯದ ಪುರಾತತ್ವ ಇಲಾಖೆ, ವಿಶ್ವವಿದ್ಯಾಲಯಗಳು, ಕನ್ನಡ ಬಲ್ಲ ತಂತ್ರಜ್ಞರು ಸೇರಿದರೆ ಇದು ಆಗದ ಕೆಲಸವೇನಲ್ಲ. ಪ್ರತಿ ಜಿಲ್ಲೆಯ ವಸ್ತುಸಂಗ್ರಹಾಲಯವೂ ವರ್ಷಕ್ಕೆ ಹತ್ತೇ ವಸ್ತುಗಳನ್ನು ಹೀಗೆ ಕನ್ನಡದಲ್ಲಿ ತೆರೆದಿಡಲಿ. ಶಾಲೆಗಳು ವಾರಕ್ಕೊಂದು ತರಗತಿಯನ್ನು ಅವುಗಳಿಗೆ ಮೀಸಲಿಡಲಿ. ನಿಮ್ಮ ಊರಿನ ಸಂಗ್ರಹಾಲಯದವರನ್ನು ಕಂಡಾಗ ಇದನ್ನು ಕೇಳಿ, ಬರೆದೂ ಕೇಳಿ ಎಂದು ನಿಮ್ಮಲ್ಲಿ ವಿನಂತಿಸುತ್ತೇನೆ.